ಹಳೆಯ ನಾಣ್ಯಕ್ಕೆ ಯಾವ ಮೆಟಲ್ ಡಿಟೆಕ್ಟರ್?

ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಆಳದ ಮಾತನ್ನೇ. ಇದು ಒಂದಡಿ ಹಿಡಿಯುತ್ತದೆಯೇ, ಎರಡಡಿ ಹಿಡಿಯುತ್ತದೆಯೇ? ಮಾರುವವರೂ ಆಳವನ್ನೇ ದೊಡ್ಡ ಅಕ್ಷರಗಳಲ್ಲಿ ಮುಂದಿಡುತ್ತಾರೆ. ಹಳೆಯ ನಾಣ್ಯ ಹುಡುಕುವವರನ್ನು ಈ ಪ್ರಶ್ನೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೂವರೆ ಗ್ರಾಮಿನ ಬೆಳ್ಳಿ ಬಿಲ್ಲೆಯನ್ನು ಎರಡಡಿ ಕೆಳಗೆ ಗುರುತಿಸುವ ಕೈಯಂತ್ರ ಮಾರುಕಟ್ಟೆಯಲ್ಲಿಲ್ಲ. ಇದ್ದಿದ್ದರೂ ಹವ್ಯಾಸಿಗೆ ಅದು ಬೇಕಾಗುತ್ತಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಹುಡುಕುತ್ತಿರುವುದು ಯಾವ ನಾಣ್ಯ, ಅದು ಬಿದ್ದಿರುವುದು ಎಂಥ ಮಣ್ಣಿನಲ್ಲಿ, ಅದರ ಸುತ್ತ ಎಷ್ಟು ಕಬ್ಬಿಣದ ಚೂರುಗಳಿವೆ, ಮತ್ತು ಆ ನೆಲವನ್ನು ಅಗೆಯಲು ನಿಮಗೆ ಹಕ್ಕಿದೆಯೇ.

ಆಳದ ಮಿತಿ ತಯಾರಕರ ಜಾಣ್ಮೆಯ ಕೊರತೆಯಿಂದ ಬಂದದ್ದಲ್ಲ. ಯಂತ್ರದ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಬಳಸುವವರು ಇಡೀ ತಟ್ಟೆಯನ್ನೇ ಕಾಯಿಲ್ ಎನ್ನುತ್ತಾರೆ. ಒಂದು ಸುರುಳಿ ಏರಿಳಿಯುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಕಳಿಸುತ್ತದೆ. ಅದು ನಾಣ್ಯದ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ, ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ. ಕಾಯಿಲ್‌ನಿಂದ ದೂರ ಹೋದಂತೆ ಕ್ಷೇತ್ರದ ಬಲ ಹೆಚ್ಚುಕಡಿಮೆ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ನಾಣ್ಯದಿಂದ ಮರಳಿ ಬರುವಾಗಲೂ ಅಷ್ಟೇ ಕುಗ್ಗುತ್ತದೆ. ಹೋಗುವ ನಷ್ಟವನ್ನೂ ಬರುವ ನಷ್ಟವನ್ನೂ ಸೇರಿಸಿದರೆ, ದೂರ ಇಮ್ಮಡಿಯಾದಾಗ ಕೈಗೆ ಸಿಗುವ ಸಂಕೇತ ಸುಮಾರು ಅರವತ್ತನಾಲ್ಕರಲ್ಲಿ ಒಂದು ಪಾಲು. ಹದಿನೈದು ಸೆಂಟಿಮೀಟರಿನಲ್ಲಿ ಗಟ್ಟಿಯಾಗಿ ಕೂಗಿದ ನಾಣ್ಯ ಮೂವತ್ತರಲ್ಲಿ ಪಿಸುಗುಡುವುದೂ ಕಷ್ಟ. ಶಕ್ತಿ ಹೆಚ್ಚಿಸಿದರೆ ಆಯಿತಲ್ಲ ಎನ್ನಬಹುದು. ಆಗ ಮಣ್ಣಿನ ಸದ್ದೂ ಅಷ್ಟೇ ಹೆಚ್ಚುತ್ತದೆ. ದುಬಾರಿ ಯಂತ್ರಕ್ಕೂ ಸಾಧಾರಣ ಯಂತ್ರಕ್ಕೂ ಒಂದೇ ನಾಣ್ಯದ ಮೇಲೆ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸ ಕಾಣುವುದು ಇದರಿಂದಲೇ.

ಈ ತತ್ವ ಹೊಸದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿ ಹೊಕ್ಕ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಸಾಧನ ಕಟ್ಟಿದ್ದರು, ಗುಂಡು ಸಿಗಲಿಲ್ಲ. ವಿಮಾನಗಳ ರೇಡಿಯೋ ದಿಕ್ಸೂಚಿಯ ಮೇಲೆ ಕೆಲಸ ಮಾಡುತ್ತಿದ್ದ ಗೆರ್ಹಾರ್ಡ್ ಫಿಶರ್ 1930ರ ದಶಕದಲ್ಲಿ ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೂಝೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬ್ ಶೋಧಕ ಎಲ್ ಅಲಮೇನ್ ಮರುಭೂಮಿಯಲ್ಲಿ ಬಳಕೆಗೆ ಬಂತು. ಯುದ್ಧ ಮುಗಿದ ಮೇಲೆ ಈ ವಿದ್ಯೆ ಹವ್ಯಾಸಿಗಳ ಕೈಗೆ ಬಂದು, ಇಂಗ್ಲೆಂಡಿನ ಹೊಲಗಳಲ್ಲಿ ಬೇರು ಬಿಟ್ಟಷ್ಟು ಬೇರೆಲ್ಲೂ ಬಿಡಲಿಲ್ಲ ಎನ್ನಬಹುದು. ಹಾಗಾಗಿ ಈ ಸಮೀಕ್ಷೆಯ ನೆಲ ಬಹುಮಟ್ಟಿಗೆ ಇಂಗ್ಲೆಂಡಿನದು.

ನಾಣ್ಯದಿಂದಲೇ ಶುರು ಮಾಡೋಣ. ಯಂತ್ರ ಕಳಿಸುವ ಕ್ಷೇತ್ರ ಸೆಕೆಂಡಿಗೆ ಸಾವಿರಾರು ಬಾರಿ ಏರಿಳಿಯುತ್ತದೆ. ಆ ಲೆಕ್ಕವನ್ನು ಕಿಲೋಹರ್ಟ್ಸ್‌ನಲ್ಲಿ ಹೇಳುತ್ತಾರೆ. ದಪ್ಪ ಬೆಳ್ಳಿಯಲ್ಲಿ ಎದ್ದ ವಿದ್ಯುತ್ ಸುಳಿ ನಿಧಾನವಾಗಿ ಆರುತ್ತದೆ, ಆದ್ದರಿಂದ ಐದಾರು ಕಿಲೋಹರ್ಟ್ಸ್‌ನ ಕಡಿಮೆ ಆವರ್ತನಕ್ಕೆ ಅದು ಚೆನ್ನಾಗಿ ಓಗೊಡುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ 28 ಗ್ರಾಮಿನ ಕ್ರೌನ್ ನಾಣ್ಯವನ್ನು ಯಾವ ಅಗ್ಗದ ಯಂತ್ರವೂ ಬಿಡುವುದಿಲ್ಲ. ಕಷ್ಟವಿರುವುದು ತೆಳ್ಳಗಿನ, ಸಣ್ಣ ನಾಣ್ಯಗಳಲ್ಲಿ. ಮಧ್ಯಯುಗದ ಇಂಗ್ಲಿಷ್ ಪೆನ್ನಿ ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದ ಬೆಳ್ಳಿಯ ತಗಡು. ತೂಕ ಸುಮಾರು 1.4 ಗ್ರಾಮು, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಚಿಲ್ಲರೆ ಬೇಕಾದಾಗ ಜನ ಆ ಪೆನ್ನಿಯನ್ನೇ ಕತ್ತರಿಸುತ್ತಿದ್ದರು. ಹಿಂಬದಿಯಲ್ಲಿ ಒತ್ತಿದ ಶಿಲುಬೆಯ ಗೆರೆಗಳೇ ಕತ್ತರಿಗೆ ದಾರಿ ತೋರುತ್ತಿದ್ದವು: ಎರಡಾಗಿಸಿದರೆ ಅರೆಪೆನ್ನಿ, ನಾಲ್ಕಾಗಿಸಿದರೆ ಫಾರ್ದಿಂಗ್. 1279ರಲ್ಲಿ ಒಂದನೆಯ ಎಡ್ವರ್ಡ್ ನಾಣ್ಯಪದ್ಧತಿ ತಿದ್ದಿ ದುಂಡಗಿನ ಚಿಲ್ಲರೆ ತರುವವರೆಗೂ ಈ ಕತ್ತರಿಸಿದ ಚೂರುಗಳೇ ಸಂತೆಯಲ್ಲಿ ಓಡಾಡಿದವು. ಒಂದು ಚೂರು ಮೂರೂವರೆ ನೂರು ಮಿಲಿಗ್ರಾಮಿನ ಆಸುಪಾಸು. ಅದರಲ್ಲಿ ವಿದ್ಯುತ್ ಸುಳಿಗೆ ತಿರುಗಲು ಜಾಗವೇ ಇಲ್ಲ, ಎದ್ದ ಸುಳಿಯೂ ತಕ್ಷಣ ಆರಿಹೋಗುತ್ತದೆ. ಅದನ್ನು ಹಿಡಿಯಲು ಹದಿನೈದು, ಇಪ್ಪತ್ತು, ನಲವತ್ತು ಕಿಲೋಹರ್ಟ್ಸ್‌ನಂಥ ಹೆಚ್ಚಿನ ಆವರ್ತನ ಬೇಕು. ವಿಜಯನಗರದ ಚಿನ್ನದ ‘ಹಣ’ವೂ ತೂಕದಲ್ಲಿ ಹೆಚ್ಚುಕಡಿಮೆ ಈ ಚೂರಿನಷ್ಟೇ, ನಮ್ಮ ಓದುಗರಿಗೆ ಅದರ ಗಾತ್ರ ಕಣ್ಣಿಗೆ ಕಟ್ಟಲಿ ಎಂದು ಹೇಳಿದೆ.

ಒಂದೇ ಹೊಲದಲ್ಲಿ ಸುಮಾರು 3.7 ಗ್ರಾಮಿನ ರೋಮನ್ ಬೆಳ್ಳಿ ನಾಣ್ಯ ದಿನಾರಿಯಸ್ಸೂ ಇರಬಹುದು, ಕತ್ತರಿಸಿದ ಫಾರ್ದಿಂಗೂ ಇರಬಹುದು. ಇದಕ್ಕಾಗಿಯೇ ಹಲವು ಆವರ್ತನಗಳನ್ನು ಒಟ್ಟಿಗೇ ಬಳಸುವ ಯಂತ್ರಗಳು ಬಂದವು. ಆಸ್ಟ್ರೇಲಿಯಾದ ಮಿನೆಲ್ಯಾಬ್ 1990ರ ದಶಕದ ಆರಂಭದಲ್ಲೇ ಸಾವರಿನ್ ಯಂತ್ರದಲ್ಲಿ ಈ ಜಾಡು ಹಿಡಿದಿತ್ತು. 2018ರಲ್ಲಿ ಅದರ ಈಕ್ವಿನಾಕ್ಸ್ ಅದೇ ಸಾಮರ್ಥ್ಯವನ್ನು ಮಧ್ಯಮ ಬೆಲೆಗೆ ಇಳಿಸಿತು. ಮುಂದೆ ತುರ್ಕಿಯ ನೋಕ್ಟಾ ಲೆಜೆಂಡ್ ತಂದಿತು, ಫ್ರಾನ್ಸಿನ ಎಕ್ಸ್‌ಪಿ ಡಿಯಸ್ 2 ತಂದಿತು. ಇಂದು ನಾಣ್ಯಕ್ಕೆಂದೇ ಹೊಸ ಯಂತ್ರ ಕೊಳ್ಳುವವರು ಒಂದೇ ಆವರ್ತನದ ಯಂತ್ರ ಆರಿಸಲು ಬೆಲೆಯ ಹೊರತು ನನಗೆ ಬೇರೆ ಕಾರಣ ಕಾಣುವುದಿಲ್ಲ.

ಆದರೂ ಆವರ್ತನಕ್ಕಿಂತ ದೊಡ್ಡ ವಿಷಯ ಕಬ್ಬಿಣ. ಸಾವಿರ ವರ್ಷ ಜನ ಬದುಕಿದ ಜಾಗದಲ್ಲಿ ಮೊಳೆ, ಲಾಳದ ತುಂಡು, ನೇಗಿಲಿನ ಚೂರು ಹೆಜ್ಜೆಹೆಜ್ಜೆಗೂ ಇರುತ್ತವೆ. ನಾಣ್ಯಗಳು ಬಿದ್ದಿರುವುದೂ ಅಲ್ಲೇ. ಮೊಳೆಯ ಪಕ್ಕದ ನಾಣ್ಯವನ್ನು ಗುರುತಿಸುವುದು ಜಾತ್ರೆಯ ಗದ್ದಲದಲ್ಲಿ ಪರಿಚಿತರ ದನಿಯೊಂದನ್ನು ಹೆಕ್ಕಿದಂತೆ. ಯಂತ್ರ ಮೊಳೆಯ ಸಂಕೇತಕ್ಕೆ ಓಗೊಟ್ಟು, ಚೇತರಿಸಿಕೊಂಡು, ಮತ್ತೆ ಕೇಳಲು ಸಿದ್ಧವಾಗಲು ತುಸು ಹೊತ್ತು ಬೇಕು. ಆ ಹೊತ್ತಿನೊಳಗೆ ಕಾಯಿಲ್ ನಾಣ್ಯವನ್ನು ದಾಟಿಹೋದರೆ ನಾಣ್ಯ ನೆಲದಲ್ಲೇ ಉಳಿಯುತ್ತದೆ. 2009ರಲ್ಲಿ ಬಂದ ಎಕ್ಸ್‌ಪಿಯ ಮೊದಲ ಡಿಯಸ್ ಹೆಸರು ಮಾಡಿದ್ದು ಈ ಚೇತರಿಕೆಯ ವೇಗದಿಂದ. ಆಳದಲ್ಲಿ ಅದು ಎಲ್ಲರನ್ನೂ ಮೀರಿಸಿದ್ದಲ್ಲ. ಹಿಂದೆ ಹಲವರು ಬಾಚಿ ‘ಇನ್ನೇನೂ ಉಳಿದಿಲ್ಲ’ ಎಂದು ಬಿಟ್ಟ ಹೊಲಗಳಲ್ಲಿ ವೇಗದ ಯಂತ್ರಗಳು ಮತ್ತೆ ನಾಣ್ಯ ಕೊಟ್ಟದ್ದಕ್ಕೆ ಕಾರಣ ಇದೇ.

ಕಾಯಿಲ್‌ನ ಗಾತ್ರವೂ ಇಲ್ಲೇ ಮುಖ್ಯವಾಗುವುದು. ದೊಡ್ಡ ಕಾಯಿಲ್ ಹೆಚ್ಚು ನೆಲ ಮುಚ್ಚುತ್ತದೆ, ತುಸು ಆಳಕ್ಕೂ ಹೋಗುತ್ತದೆ, ಆದರೆ ಅದರ ಕೆಳಗೆ ಒಂದೇ ಸಲಕ್ಕೆ ನಾಲ್ಕು ಮೊಳೆ ಬರುತ್ತವೆ. ಬಹುತೇಕ ಯಂತ್ರಗಳ ಜತೆ ಬರುವ ಹನ್ನೊಂದು ಇಂಚಿನ ಕಾಯಿಲ್ ತೆರೆದ ಹೊಲಕ್ಕೆ ಸಾಕು. ಹಳೆಯ ಮನೆಗಳ ಅಡಿಪಾಯ, ಸಂತೆ ಸೇರುತ್ತಿದ್ದ ಬಯಲುಗಳಂಥ ಕಡೆ ಆರು ಇಂಚಿನದು ಹೆಚ್ಚು ಕೆಲಸ ಮಾಡುತ್ತದೆ. ಮುಂದಿನ ಮೇಲ್ದರ್ಜೆಯ ಮಾದರಿಗೆ ಕೊಡುವ ಹಣದಲ್ಲಿ ಒಂದು ಸಣ್ಣ ಕಾಯಿಲ್ ಕೊಳ್ಳಿ ಎಂದು ಯಾರಿಗಾದರೂ ಹೇಳಬಲ್ಲೆ.

ಬೇಡದ ಲೋಹವನ್ನು ಯಂತ್ರವೇ ಬಿಡುವಂತೆ ಮಾಡುವ ಸೌಲಭ್ಯವನ್ನು ಡಿಸ್ಕ್ರಿಮಿನೇಷನ್ ಎನ್ನುತ್ತಾರೆ. ಮರಳಿ ಬಂದ ಸಂಕೇತ ಎಷ್ಟು ತಡವಾಗಿ ಬಂತು ಎಂಬುದನ್ನು ನೋಡಿ ಯಂತ್ರ ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ. ಹೊಸಬರು ಈ ಸಂಖ್ಯೆಯನ್ನು ಅತಿಯಾಗಿ ನಂಬುತ್ತಾರೆ. ಪಾನೀಯದ ಡಬ್ಬಿಯಿಂದ ಕಿತ್ತ ಅಲ್ಯುಮಿನಿಯಂ ಕೊಂಡಿ ಮತ್ತು ಚಿನ್ನದ ನಾಣ್ಯ ಒಂದೇ ಸಂಖ್ಯೆ ತೋರಿಸಬಲ್ಲವು. ಬೆಳ್ಳಿಯ ತೆಳು ಚೂರು ಸಿಗರೇಟ್ ಪ್ಯಾಕಿನ ತಗಡಿನ ಹಾಳೆಯ ಹತ್ತಿರ ಬಂದು ನಿಲ್ಲುತ್ತದೆ. ಕಸ ಬೇಡವೆಂದು ಆ ಸಂಖ್ಯೆಗಳನ್ನು ಮುಚ್ಚಿದವರು ತಾವು ಹುಡುಕಲು ಬಂದದ್ದನ್ನೇ ಮುಚ್ಚಿದಂತಾಯಿತು. ತಿರುಗುಮುರುಗಾಗಿ, ಚಪ್ಪಟೆ ಕಬ್ಬಿಣದ ತುಂಡೂ ಸೀಸೆಯ ಮುಚ್ಚಳವೂ ಬೆಳ್ಳಿಯಂತೆ ಕೂಗುತ್ತವೆ. ಅಂಚಿನ ಮೇಲೆ ನಿಂತ ನಾಣ್ಯ ಮಲಗಿದ ನಾಣ್ಯಕ್ಕಿಂತ ಕ್ಷೀಣವಾಗಿ ಕೇಳುತ್ತದೆ. ಪರದೆಗಿಂತ ಕಿವಿಯನ್ನು ನಂಬುವವರಿಗೆ ಹೆಚ್ಚು ನಾಣ್ಯ ಸಿಗುತ್ತದೆ. ಸದ್ದಿನ ಸೂಕ್ಷ್ಮ ಏರಿಳಿತ ಕೇಳಿಸುವ ಯಂತ್ರವನ್ನೇ ಆರಿಸಬೇಕು, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡೇ ಅದನ್ನು ಪರೀಕ್ಷಿಸಬೇಕು.

ಇನ್ನು ಮಣ್ಣು. ಇಂಗ್ಲೆಂಡಿನ ಸುಣ್ಣಮಣ್ಣಿನಲ್ಲಿ ಯಂತ್ರಕ್ಕೆ ತೊಂದರೆ ಕಡಿಮೆ. ಕಬ್ಬಿಣದ ಆಕ್ಸೈಡ್ ತುಂಬಿದ ಕೆಂಪು ನೆಲದಲ್ಲಿ, ಬಸಾಲ್ಟ್ ಕಲ್ಲು ಸವೆದಾದ ಕಪ್ಪು ನೆಲದಲ್ಲಿ ಮಣ್ಣೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ಅದನ್ನು ಕಳೆಯುವ ಹೊಂದಾಣಿಕೆಗೆ ಗ್ರೌಂಡ್ ಬ್ಯಾಲೆನ್ಸ್ ಎಂದು ಹೆಸರು. ಮಿನೆಲ್ಯಾಬ್ ಆಸ್ಟ್ರೇಲಿಯಾದಲ್ಲಿ ಬೆಳೆದದ್ದಕ್ಕೆ ಅಲ್ಲಿನ ಚಿನ್ನದ ಸೀಮೆಗಳ ಖನಿಜಭರಿತ ಮಣ್ಣು ಒಡ್ಡಿದ ಸವಾಲೂ ಒಂದು ಕಾರಣ. ಕಡಲತೀರದ ಒದ್ದೆ ಉಪ್ಪುಮರಳು ಕೂಡ ವಿದ್ಯುತ್ ಹರಿಸಿ ಯಂತ್ರವನ್ನು ಗೊಂದಲಕ್ಕೆ ತಳ್ಳುತ್ತದೆ. ಅಲ್ಲಿ ಹಲವು ಆವರ್ತನದ ಯಂತ್ರ ಬೇಕು, ಇಲ್ಲವೆ ಪಲ್ಸ್ ಇಂಡಕ್ಷನ್ ಎಂಬ ಬೇರೆ ಜಾತಿಯ ಯಂತ್ರ. ಪಲ್ಸ್ ಯಂತ್ರ ಆಳಕ್ಕೆ ಹೋಗುತ್ತದೆ, ಮಣ್ಣಿಗೆ ಅಂಜುವುದಿಲ್ಲ, ಆದರೆ ಮೊಳೆಗೂ ನಾಣ್ಯಕ್ಕೂ ಭೇದ ತಿಳಿಯುವುದರಲ್ಲಿ ಹಿಂದೆ. ಹೊಲದಲ್ಲಿ ನಾಣ್ಯ ಹುಡುಕುವವರಿಗೆ ಅದು ಬೇಡ.

ಆಳ ಬೇಕಾಗಿಯೇ ಇಲ್ಲ ಎಂದು ಮೊದಲಿಗೆ ಹೇಳಿದ್ದಕ್ಕೆ ಇಲ್ಲಿ ಕಾರಣ ಕೊಡಬೇಕು. ಉಳುಮೆ ಮಾಡಿದ ಹೊಲದಲ್ಲಿ ಮೇಲಿನ ಇಪ್ಪತ್ತು ಮೂವತ್ತು ಸೆಂಟಿಮೀಟರ್ ಮಣ್ಣು ವರ್ಷವರ್ಷ ತಿರುವುಮುರುವಾಗುತ್ತದೆ. ಅಲ್ಲಿರುವ ನಾಣ್ಯ ತಾನು ಬಿದ್ದ ಪದರದಿಂದ ಆಗಲೇ ಕಿತ್ತುಬಂದಿದೆ. ನೇಗಿಲೂ ಗೊಬ್ಬರದ ರಾಸಾಯನಿಕವೂ ಅದನ್ನು ಸವೆಸುತ್ತಿರುತ್ತವೆ. ಅದನ್ನು ಎತ್ತಿ ಸಿಕ್ಕಿದ ಜಾಗ ಬರೆದಿಟ್ಟರೆ ಇತಿಹಾಸಕ್ಕೆ ಲಾಭ. ಅದರ ಕೆಳಗಿನ ಮಣ್ಣು ಕದಡಿಲ್ಲ. ಅಲ್ಲಿ ನಾಣ್ಯ, ಮಡಕೆ, ಬೂದಿ, ಎಲುಬು ಒಂದಕ್ಕೊಂದು ಅಂಟಿಕೊಂಡು ಕಾಲ ಹೇಳುತ್ತವೆ. ಆ ಪದರಕ್ಕೆ ಗುದ್ದಲಿ ಹಾಕುವುದು ಪುರಾತತ್ವಜ್ಞರ ಕೆಲಸ. ಸಾಧಾರಣ ಯಂತ್ರದ ಮಿತಿ ಹೆಚ್ಚುಕಡಿಮೆ ಉಳುಮೆಯ ಆಳಕ್ಕೇ ಬಂದು ನಿಲ್ಲುವುದು ನನಗೆ ದೊಡ್ಡ ಅನುಕೂಲವಾಗಿ ಕಾಣುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ್ದು 2010ರ ಏಪ್ರಿಲ್‌ನಲ್ಲಿ ಸಾಮರ್ಸೆಟ್ ಸೀಮೆಯ ಫ್ರೋಮ್ ಬಳಿ ಸಿಕ್ಕ ನಿಧಿ. ಹುಡುಕುತ್ತಿದ್ದವರು ಸಣ್ಣ ಗುಂಡಿ ತೋಡಿ, ಮಡಕೆಯ ಬಾಯಿ ಕಂಡ ಕೂಡಲೇ ಕೈ ನಿಲ್ಲಿಸಿ, ಮಣ್ಣು ಮುಚ್ಚಿ ತಜ್ಞರನ್ನು ಕರೆದರು. ಒಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯಗಳಿದ್ದವು. ಪುರಾತತ್ವಜ್ಞರು ಪದರ ಪದರವಾಗಿ ಬಿಡಿಸಿದ್ದರಿಂದ, ಬ್ರಿಟನ್ನಿನಲ್ಲಿ ತಾನೇ ಸಾಮ್ರಾಟನೆಂದು ಘೋಷಿಸಿಕೊಂಡ ಕರೌಸಿಯಸ್‌ನ ನಾಣ್ಯಗಳು ಮಡಕೆಯ ಯಾವ ಮಟ್ಟದಲ್ಲಿದ್ದವು ಎಂಬುದೂ ದಾಖಲಾಯಿತು. ಇಡೀ ಮಡಕೆಯನ್ನು ಅವಸರದಲ್ಲಿ ಗೋಣಿಗೆ ಸುರಿದಿದ್ದರೆ ಆ ವಿವರವೇ ಇರುತ್ತಿರಲಿಲ್ಲ. ಜರ್ಮನಿಯ ಕಾಲ್ಕ್ರೀಸೆಯಲ್ಲಿ 1987ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಟೋನಿ ಕ್ಲನ್ ಸ್ಥಳೀಯ ಪುರಾತತ್ವಜ್ಞರಿಗೆ ತಿಳಿಸಿಯೇ ಡಿಟೆಕ್ಟರ್ ಹಿಡಿದು ಹೊರಟರು. ಸಿಕ್ಕ ದಿನಾರಿಯಸ್‌ಗಳ ಜಾಗವನ್ನು ಗುರುತಿಸಿಟ್ಟರು. ಅಲ್ಲಿ ಸಿಕ್ಕ ನಾಣ್ಯಗಳಲ್ಲಿ ಯಾವುದೂ ಔಗುಸ್ಟಸ್‌ನ ಕಾಲದ ಆಚೆಗೆ ಹೋಗಲಿಲ್ಲ. ಕ್ರಿ.ಶ. 9ರಲ್ಲಿ ಸೇನಾಪತಿ ವಾರುಸ್‌ನ ಮೂರು ರೋಮನ್ ಪಡೆಗಳು ನಾಶವಾದ ಕದನದ ಜಾಗ ಇದೇ ಎಂದು ಬಹುಪಾಲು ವಿದ್ವಾಂಸರು ಒಪ್ಪಲು ಆ ನಾಣ್ಯಗಳು ಮುಖ್ಯ ಆಧಾರ. ಬಿಡಿ ನಾಣ್ಯವಾಗಿ ಅವುಗಳ ಬೆಲೆ ಏನೂ ದೊಡ್ಡದಲ್ಲ.

ಇದರ ತದ್ವಿರುದ್ಧವೂ ನಡೆದಿದೆ. 1980ರ ದಶಕದಲ್ಲಿ ಸರ್ರೆಯ ವಾನ್‌ಬರೋ ದೇಗುಲದ ನೆಲೆಯನ್ನು ಡಿಟೆಕ್ಟರ್ ಹಿಡಿದವರು ರಾತ್ರಿ ಹೊತ್ತು ಲೂಟಿ ಮಾಡಿದರು. ಆಗಿದ್ದ ಕಾನೂನು ದುರ್ಬಲವಾಗಿತ್ತು. ಆ ಸಿಟ್ಟಿನಿಂದ ಶುರುವಾದ ಒತ್ತಾಯ 1996ರ ನಿಧಿ ಕಾಯ್ದೆಗೆ ದಾರಿ ಮಾಡಿತು. ಆ ಕಾಯ್ದೆಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮುನ್ನೂರು ವರ್ಷಕ್ಕೂ ಹಳೆಯ, ಹತ್ತನೇ ಒಂದು ಪಾಲಾದರೂ ಬೆಳ್ಳಿ ಅಥವಾ ಚಿನ್ನವಿರುವ ಎರಡು ನಾಣ್ಯಗಳು ಒಟ್ಟಿಗೆ ಸಿಕ್ಕರೆ ಅದು ನಿಧಿ. ಬೆಳ್ಳಿ ಚಿನ್ನ ಅದಕ್ಕಿಂತ ಕಡಿಮೆ ಇದ್ದರೆ ಹತ್ತು ನಾಣ್ಯ ಬೇಕು. ಹದಿನಾಲ್ಕು ದಿನಗಳೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಬೆಲೆಯನ್ನು ಸಾಮಾನ್ಯವಾಗಿ ಹುಡುಕಿದವರೂ ಹೊಲದೊಡೆಯರೂ ಹಂಚಿಕೊಳ್ಳುತ್ತಾರೆ. ನಿಧಿಯಲ್ಲದ ಬಿಡಿ ನಾಣ್ಯಗಳನ್ನು ಸ್ವಯಂಪ್ರೇರಣೆಯಿಂದ ದಾಖಲಿಸಲು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಇದೆ. ಅದರ ದಾಖಲೆ ಹದಿನೈದು ಲಕ್ಷ ವಸ್ತುಗಳನ್ನು ದಾಟಿದೆ. ಹೊಲದೊಡೆಯರ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಪರವಾನಗಿಯಿಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಸ್ಕಾಟ್ಲೆಂಡಿನಲ್ಲಿ ಒಂದೇ ನಾಣ್ಯ ಸಿಕ್ಕರೂ ವರದಿ ಮಾಡಬೇಕು, ಐರ್ಲೆಂಡ್ ಗಣರಾಜ್ಯದಲ್ಲಿ ಪುರಾತನ ವಸ್ತು ಹುಡುಕಲು ಮೊದಲೇ ಲಿಖಿತ ಒಪ್ಪಿಗೆ ಬೇಕು.

ಮುಚ್ಚಿಟ್ಟವರ ಕಥೆ 2015ರ ಹೆರೆಫರ್ಡ್‌ಶೈರ್ ನಿಧಿಯದು. ವೆಸೆಕ್ಸಿನ ಆಲ್ಫ್ರೆಡ್ ದೊರೆಯ ಕಾಲದ ನಾಣ್ಯಗಳನ್ನು ಇಬ್ಬರು ವರದಿ ಮಾಡದೆ ಮಾರಿದರು. 2019ರಲ್ಲಿ ಅವರಿಗೆ ವರ್ಷಗಟ್ಟಲೆ ಸೆರೆಯಾಯಿತು, ನಾಣ್ಯಗಳಲ್ಲಿ ಬಹುಪಾಲು ಕೈತಪ್ಪಿತು. ಉಳಿದವುಗಳಲ್ಲಿ ಆಲ್ಫ್ರೆಡ್ ಮತ್ತು ಮರ್ಸಿಯಾದ ದೊರೆ ಚಿಯೋಲ್‌ವುಲ್ಫ್ ಇಬ್ಬರೂ ಒಂದೇ ಮಾದರಿಯ ನಾಣ್ಯ ಹೊರಡಿಸಿದ್ದರು, ಅಂದರೆ ಮಿತ್ರರಾಗಿದ್ದರು ಎಂಬುದಕ್ಕೆ ಗಟ್ಟಿ ಸಾಕ್ಷಿ ಇದೆ. ನಂತರದ ಚರಿತ್ರೆಕಾರರು ಚಿಯೋಲ್‌ವುಲ್ಫ್‌ನನ್ನು ಬುದ್ಧಿಗೇಡಿಯೆಂದು ಹೀಗಳೆದಿದ್ದರು. ಆ ಇಬ್ಬರ ಮೈತ್ರಿಯ ಬಗ್ಗೆ ಚದುರಿಹೋದ ನಾಣ್ಯಗಳು ಇನ್ನೆಷ್ಟು ಹೇಳುತ್ತಿದ್ದವೋ ಎಂದು ನೆನೆದರೆ ಸಂಕಟವಾಗುತ್ತದೆ.

ಇದೆಲ್ಲ ಓದಿ ಕರ್ನಾಟಕದಲ್ಲೇ ಒಂದು ಯಂತ್ರ ಕೊಂಡು ಹಂಪಿ, ಬನವಾಸಿ ಕಡೆ ಹೊರಡೋಣ ಎನ್ನುವವರಿಗೆ ನೇರವಾಗಿ ಹೇಳುತ್ತೇನೆ: ಬೇಡ. ಇಲ್ಲಿ ಇಂಗ್ಲೆಂಡಿನಂಥ ವ್ಯವಸ್ಥೆ ಇಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಭಾರತದ 1878ರ ನಿಧಿ ಕಾಯ್ದೆಯಂತೆಯೇ ಕರ್ನಾಟಕಕ್ಕೆ ತನ್ನದೇ 1962ರ ನಿಧಿ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವುದನ್ನು 1958ರ ಕಾಯ್ದೆ ತಡೆಯುತ್ತದೆ. ಕಾನೂನಿಗಿಂತ ನಮ್ಮನ್ನು ತಡೆಯಬೇಕಾದದ್ದು ನಿಧಿಗಳ್ಳರು ಮಾಡಿರುವ ಹಾನಿ. ವೀರಗಲ್ಲು ಕಿತ್ತು, ಲಿಂಗದ ಪೀಠ ಅಗೆದು ಹಾಳುಗೆಡವಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಒಡೆದರು. ನಮ್ಮ ನೆಲದ ಹಳೆಯ ನಾಣ್ಯಗಳು ಡಿಟೆಕ್ಟರ್ ಇಲ್ಲದೆಯೇ ಬೆಳಕಿಗೆ ಬಂದಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಮಾರ್ಗದ ಕೆಲಸಕ್ಕೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆದಾಗ ರೋಮನ್ ದಿನಾರಿಯಸ್ ಶಾತವಾಹನರ ಕಾಲದ ಪದರದಲ್ಲಿ ಸಿಕ್ಕಿತು. ಪದರ ಗೊತ್ತಿದ್ದದ್ದರಿಂದಲೇ ಅದು ಆ ನೆಲೆಯ ಕಾಲ ನಿರ್ಣಯಕ್ಕೆ ನೆರವಾಯಿತು.

ಇಂಗ್ಲೆಂಡಿನಲ್ಲಿ ನೆಲೆಸಿ, ಹೊಲದೊಡೆಯರ ಅನುಮತಿಯನ್ನೂ ಪಡೆದ ಕನ್ನಡಿಗರು ಯಾವುದನ್ನು ಕೊಳ್ಳಲಿ ಎಂದು ಕೇಳಿದರೆ ನನ್ನ ಉತ್ತರ ಇಷ್ಟು. ಮೊದಲ ಯಂತ್ರಕ್ಕೆ ಮಿನೆಲ್ಯಾಬ್‌ನ ವ್ಯಾಂಕ್ವಿಶ್ ಸಾಲು ಸಾಕು: ಬೆಲೆ ಹಿಡಿತದಲ್ಲಿದೆ, ಹಲವು ಆವರ್ತನ ಒಟ್ಟಿಗೆ ಬಳಸುತ್ತದೆ; ಗ್ರೌಂಡ್ ಬ್ಯಾಲೆನ್ಸ್ ಕೈಯಿಂದ ಹೊಂದಿಸಲಾಗದು ಎಂಬುದೊಂದೇ ಹೇಳಿಕೊಳ್ಳುವಂಥ ಕೊರತೆ. ನೋಕ್ಟಾದ ಸಿಂಪ್ಲೆಕ್ಸ್ ಗಟ್ಟಿಮುಟ್ಟು, ನೀರಿಗೂ ಇಳಿಯುತ್ತದೆ, ಆದರೆ ಆವರ್ತನ ಒಂದೇ. ಗ್ಯಾರೆಟ್‌ನ ಏಸ್ ಯಂತ್ರಗಳಲ್ಲಿ ಕಲಿತವರು ಅಸಂಖ್ಯ. ಇಂದು ಅದೇ ಹಣಕ್ಕೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ. ಮುಂದುವರಿಯುವ ಮನಸ್ಸಿದ್ದರೆ ಸೆಕೆಂಡ್ ಹ್ಯಾಂಡ್ ಈಕ್ವಿನಾಕ್ಸ್ ಅಥವಾ ಹೊಸ ಲೆಜೆಂಡ್ ಕೊಳ್ಳಿ. ಹುಡುಕುವ ಹೊಲ ಕಬ್ಬಿಣದಿಂದ ತುಂಬಿದ್ದು, ಭುಜಕ್ಕೆ ಭಾರ ಆಗದಿರಲಿ ಎನ್ನುವವರಿಗೆ ಒಂದು ಕಿಲೋಗಿಂತ ಹಗುರವಾದ ಡಿಯಸ್ ಇದೆ. ಮಿನೆಲ್ಯಾಬ್‌ನ ಸಿಟಿಎಕ್ಸ್ 3030 ಬೆಳ್ಳಿಗೆ ಹೆಸರಾದದ್ದು ನಿಜ, ಆದರೆ ಎರಡು ಕಿಲೋ ಮೀರಿದ ಯಂತ್ರವನ್ನು ದಿನವಿಡೀ ಬೀಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. 2009ರಲ್ಲಿ ಸ್ಟಾಫರ್ಡ್‌ಶೈರ್ ನಿಧಿಯನ್ನು, ಆಂಗ್ಲೋ-ಸ್ಯಾಕ್ಸನ್ ಚಿನ್ನದ ಅತಿದೊಡ್ಡ ರಾಶಿಯನ್ನು, ಹೊರತಂದದ್ದು ಆಗಲೇ ಹತ್ತು ವರ್ಷ ದಾಟಿದ್ದ ಹಳೆಯ ಯಂತ್ರ ಎಂಬುದನ್ನು ಹಣ ಎಣಿಸುವ ಮೊದಲು ನೆನೆಯಬೇಕು.

ಉಳಿದ ಹಣದಲ್ಲಿ ಕೈಯಳತೆಯ ಪಿನ್‌ಪಾಯಿಂಟರ್ ಕೊಳ್ಳಿ. ಗುಂಡಿಯೊಳಗೆ ನಾಣ್ಯ ಎಲ್ಲಿದೆಯೆಂದು ಅದು ತೋರಿಸುವುದರಿಂದ ಗುಂಡಿ ಚಿಕ್ಕದಾಗುತ್ತದೆ, ಸನಿಕೆಯ ಏಟು ನಾಣ್ಯಕ್ಕೆ ತಗಲುವುದು ತಪ್ಪುತ್ತದೆ. ಸಿಕ್ಕ ನಾಣ್ಯವನ್ನು ಹೊಲದಲ್ಲಿ ಉಜ್ಜಬೇಡಿ. ಮಣ್ಣಿನ ಸಮೇತ ಸಣ್ಣ ಚೀಲಕ್ಕೆ ಹಾಕಿ, ಮೊಬೈಲಿನ ಜಿಪಿಎಸ್ ತೋರಿಸುವ ಅಂಕೆಗಳನ್ನು ಅದರ ಮೇಲೆ ಅಲ್ಲೇ ಬರೆಯಿರಿ. ಗುಂಡಿ ಮುಚ್ಚಿ, ಚೀಲವನ್ನು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಪರವಾಗಿ ದಾಖಲಿಸುವ ಆ ಸೀಮೆಯ ಫೈಂಡ್ಸ್ ಲಿಯೈಸನ್ ಆಫೀಸರಿಗೆ ತೋರಿಸಿ.